ಮಧುನಾಶಿನಿ ಪುಡಿಯಿಂದಲೇ ಶುಗರ್ ಇಳಿಯಿತೇ ಎಂದು ಪರೀಕ್ಷಿಸಿ ತಿಳಿಯುವುದು ಹೇಗೆ?

ಪ್ರಶ್ನೆ: ತುಂಬೆಹೂ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಹಲವು ವರ್ಷಗಳಿಂದ ಟೈಪ್ 2 ಮಧುಮೇಹವಿದ್ದು, ವೈದ್ಯರು ಬರೆದುಕೊಟ್ಟ ಮೆಟ್‌ಫಾರ್ಮಿನ್ ಮಾತ್ರೆಯನ್ನು ತಪ್ಪದೇ ತೆಗೆದುಕೊಳ್ಳುತ್ತಾರೆ. ಹಿಂದಿನ ತಪಾಸಣೆಯಲ್ಲಿ ಅವರ ಎಚ್‌ಬಿಎ1ಸಿ (ಕೆಲವು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ರಕ್ತಪರೀಕ್ಷೆ) ಶೇಕಡಾ 8.4 ಎಂದು ಬಂದಾಗ ಮನೆಯವರೆಲ್ಲರೂ ಗಾಬರಿಗೊಂಡೆವು. ಆ ಸಂದರ್ಭದಲ್ಲಿ ಬಂಧುಗಳೊಬ್ಬರು ಮಧುನಾಶಿನಿ ಎಲೆಯನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿಕೊಟ್ಟರು. ತಂದೆಯವರು ಅದನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನಾಲಿಗೆಯ ಮೇಲೆ ಹಾಕಿಕೊಂಡು ಮೇಲೆ ನೀರು ಕುಡಿಯುತ್ತಾರೆ. ಮುಂದಿನ ತಪಾಸಣೆಯಲ್ಲಿ ಎಚ್‌ಬಿಎ1ಸಿ 7.3ಕ್ಕೆ ಇಳಿದಿತ್ತು.

ಈಗ ಅವರು ಮಾತ್ರೆಯನ್ನೇ ನಿಲ್ಲಿಸುವ ಮಾತನಾಡುತ್ತಿದ್ದಾರೆ. ಅಣ್ಣನೂ ಅದಕ್ಕೆ ದನಿಗೂಡಿಸುತ್ತಿದ್ದಾನೆ. ನನಗೆ ಮಾತ್ರ ಅನುಮಾನವಿದೆ, ಏಕೆಂದರೆ ಅದೇ ಅವಧಿಯಲ್ಲಿ ತಂದೆಯವರು ಸಿಹಿ ತಿನ್ನುವುದನ್ನು ಬಹುಪಾಲು ಬಿಟ್ಟಿದ್ದಾರೆ ಮತ್ತು ದಿನವೂ ನಡೆಯಲು ಆರಂಭಿಸಿದ್ದಾರೆ. ಇಳಿಕೆಯ ಯಶಸ್ಸು ಎಲೆಗೆ ಸಲ್ಲಬೇಕೋ, ನಡಿಗೆಗೆ ಸಲ್ಲಬೇಕೋ ಎಂಬುದನ್ನು ಮನೆಯ ವಾದ ವಿವಾದದಿಂದ ತೀರ್ಮಾನಿಸಲಾಗದು ಎಂಬುದು ನನ್ನ ಅಭಿಪ್ರಾಯ.

ಇದರ ನಡುವೆ, ತಂದೆಯವರೊಡನೆ ನಡೆಯಲು ಹೋಗುವ ಹತ್ತು ಹದಿನೈದು ಮಂದಿ ಮಧುಮೇಹಿಗಳು ತಾವೂ ಒಂದು ತಿಂಗಳು ಪುಡಿ ತೆಗೆದುಕೊಂಡು, ಗ್ಲುಕೋಮೀಟರ್‌ನಲ್ಲಿ ಮೊದಲು ಮತ್ತು ನಂತರ ಅಳೆದು ನೋಡುವುದಾಗಿ ಹೇಳುತ್ತಿದ್ದಾರೆ. ಇಂತಹ ಪರೀಕ್ಷೆಗೆ ಬೆಲೆಯಿದೆಯೇ? ಸರಿಯಾದ ಪರೀಕ್ಷೆ ಹೇಗಿರಬೇಕು, ಯಾವುದನ್ನು ಅಳೆಯಬೇಕು, ಎಷ್ಟು ಕಾಲ ನಡೆಸಬೇಕು? ಈ ಕ್ಷೇತ್ರದ ಒಳಹೊರಗನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಅಂಕಿಸಂಖ್ಯೆ

ತುಂಬೆಹೂ ಅವರೇ, ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ವೈದ್ಯಕೀಯ ಸಂಶೋಧನೆಯಲ್ಲಿ ಅಂಕಿಅಂಶಗಳ ಕೆಲಸ ಮಾಡುವವನಾಗಿ ಆ ಭಾಗವನ್ನಷ್ಟೇ ವಿವರಿಸುತ್ತೇನೆ.

ನಿಮ್ಮ ತಂದೆಯವರ ಸಂಗತಿಯಲ್ಲಿ ಎಲೆ, ಆಹಾರ, ನಡಿಗೆ ಎಂಬ ಮೂರು ಕಾರಣಗಳಲ್ಲದೆ ಇನ್ನೊಂದು ಕಾರಣವೂ ಸದ್ದಿಲ್ಲದೆ ಕೆಲಸ ಮಾಡಿರುವ ಸಾಧ್ಯತೆಯಿದೆ. ಯಾವ ಅಳತೆಯೇ ಆಗಲಿ, ಅದು ಒಬ್ಬ ವ್ಯಕ್ತಿಯಲ್ಲಿ ಸ್ವಲ್ಪ ಏರುತ್ತ ಸ್ವಲ್ಪ ಇಳಿಯುತ್ತ ಇರುತ್ತದೆ. ಜನ ಹೊಸ ಮದ್ದನ್ನು ಹುಡುಕಿಕೊಂಡು ಹೋಗುವುದು ಅದು ಅತಿ ಹೆಚ್ಚಾಗಿ ಕಂಡ ದಿನವೇ ಹೊರತು ಸಾಧಾರಣವಾಗಿ ಇದ್ದ ದಿನವಲ್ಲ. ಹಾಗಾಗಿ ಮುಂದಿನ ಅಳತೆ, ಯಾವ ಮದ್ದನ್ನೂ ಕೊಡದಿದ್ದರೂ, ಆ ವ್ಯಕ್ತಿಯ ಎಂದಿನ ಸರಾಸರಿಯ ಕಡೆಗೆ ಮರಳುವ ಸಂಭವವೇ ಹೆಚ್ಚು. 'ಮೊದಲು' ಮತ್ತು 'ನಂತರ' ಎಂಬ ಎರಡೇ ಅಳತೆಗಳನ್ನು ನೋಡಿದವರಿಗೆ ಈ ಮರಳುವಿಕೆ ಮದ್ದಿನ ಗುಣದಂತೆ ಕಾಣುತ್ತದೆ. ತಂದೆಯವರ ನಡಿಗೆಯ ಬಳಗದ ಯೋಜನೆಯಲ್ಲಿರುವ ಮೂಲ ದೋಷವೂ ಇದೇ: ಪುಡಿ ತೆಗೆದುಕೊಳ್ಳದ, ಉಳಿದೆಲ್ಲ ವಿಷಯಗಳಲ್ಲಿ ಅವರಂತೆಯೇ ಇರುವ ಇನ್ನೊಂದು ಗುಂಪು ಅಲ್ಲಿಲ್ಲ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿಯೋ ಗಣಕದಿಂದಲೋ ನಿರ್ಧರಿಸಬೇಕು. ಇಷ್ಟಪಟ್ಟವರು ಒಂದು ಕಡೆ, ಇಷ್ಟಪಡದವರು ಇನ್ನೊಂದು ಕಡೆ ಎಂದಾದರೆ, ಆರೋಗ್ಯದ ಬಗ್ಗೆ ಹೆಚ್ಚು ಕಾಳಜಿಯುಳ್ಳವರೆಲ್ಲ ಒಂದೇ ಗುಂಪಿನಲ್ಲಿ ಸೇರಿಕೊಳ್ಳುತ್ತಾರೆ.

ಇನ್ನು ಅಳತೆಯ ವಿಚಾರ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನಗಳಾದ್ದರಿಂದ ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುತ್ತದೆ, ಅದರಲ್ಲೂ ಕೊನೆಯ ತಿಂಗಳ ಪಾಲು ಹೆಚ್ಚು. ಒಂದು ತಿಂಗಳಲ್ಲಿ ಅದು ಪೂರ್ತಿಯಾಗಿ ಬದಲಾಗದು, ಕನಿಷ್ಠ ಮೂರು ತಿಂಗಳು ಬೇಕು. ಮನೆಯ ಗ್ಲುಕೋಮೀಟರನ್ನು ನಂಬಿಕೊಂಡರೆ ಇನ್ನೊಂದು ತೊಡಕಿದೆ. 2013ರ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ, ಸಕ್ಕರೆಯ ಮಟ್ಟ ಡೆಸಿಲೀಟರಿಗೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವಾಗ ಮೀಟರಿನ ನೂರರಲ್ಲಿ ತೊಂಬತ್ತೈದು ಅಳತೆಗಳು ನಿಜ ಮೌಲ್ಯದಿಂದ ಶೇಕಡಾ 15ರ ಒಳಗೆ ಇದ್ದರೆ ಸಾಕು. ಅಂದರೆ ನಿಜವಾಗಿ 150 ಇರುವ ರಕ್ತವನ್ನು ಮೀಟರು 128 ಎಂದು ತೋರಿಸಿದರೂ, 172 ಎಂದು ತೋರಿಸಿದರೂ ಅದು ಮಾನದಂಡದೊಳಗೇ ಇರುತ್ತದೆ. ಮೊದಲೊಂದು, ನಂತರವೊಂದು ಅಳತೆಯಿಂದ ತೀರ್ಮಾನಕ್ಕೆ ಬರುವವರು ಮೀಟರಿನ ಈ ಓಲಾಟವನ್ನೇ ಮದ್ದಿನ ಫಲವೆಂದು ಎಣಿಸಬಹುದು.

ಎಷ್ಟು ಜನ ಬೇಕು ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಎಚ್‌ಬಿಎ1ಸಿಯಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಚದುರುವಿಕೆ ಸುಮಾರು 1 ಅಂಶವೆಂದೂ (8ಕ್ಕೂ 7ಕ್ಕೂ ಇರುವ ಅಂತರದಷ್ಟು), ಪುಡಿಯಿಂದ 0.5 ಅಂಶದ ಇಳಿಕೆಯನ್ನು ಪತ್ತೆ ಹಚ್ಚಬೇಕೆಂದೂ ಇಟ್ಟುಕೊಳ್ಳೋಣ. ಅಂತಹ ಇಳಿಕೆ ನಿಜವಾಗಿಯೂ ಇದ್ದರೆ ಅದು ನಮ್ಮ ಕಣ್ಣಿಗೆ ಬೀಳುವ ಸಂಭವ ಶೇಕಡಾ 80 ಇರಬೇಕಾದರೆ, ಪ್ರತಿ ಗುಂಪಿನಲ್ಲಿ 63 ಮಂದಿ ಬೇಕು. ಐವರಲ್ಲಿ ಒಬ್ಬರು ನಡುವೆ ಬಿಟ್ಟುಹೋಗುತ್ತಾರೆಂದುಕೊಂಡರೆ ಗುಂಪಿಗೆ 79 ಮಂದಿಯನ್ನು ಸೇರಿಸಿಕೊಳ್ಳಬೇಕು. ಹದಿನೈದು ಮಂದಿಯನ್ನು ಎರಡು ಗುಂಪು ಮಾಡಿದರೆ, ಒಂದು ಅಂಶದಷ್ಟು ದೊಡ್ಡ ವ್ಯತ್ಯಾಸ ಕಂಡರೂ ಅದನ್ನು ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳಲಾಗದು.

ಉತ್ತರ 2: ಸಸ್ಯರಸ

ಮೇಲಿನ ವಿವರಣೆಗೆ ಔಷಧಶಾಸ್ತ್ರದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಮಧುನಾಶಿನಿಯ, ಅಂದರೆ ಜಿಮ್ನೆಮಾ ಸಿಲ್ವೆಸ್ಟ್ರೆ ಎಂಬ ಬಳ್ಳಿಯ, ಮೇಲೆ ಮನುಷ್ಯರಲ್ಲಿ ನಡೆದ ಅಧ್ಯಯನಗಳೇ ಇಲ್ಲವೆಂದು ತಿಳಿಯಬಾರದು. ಎಲ್ಲರೂ ಉಲ್ಲೇಖಿಸುವ ಒಂದು ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಟೈಪ್ 2 ಮಧುಮೇಹವಿದ್ದ 22 ಮಂದಿಗೆ ಅವರ ಎಂದಿನ ಮಾತ್ರೆಗಳ ಜೊತೆಗೆ ಎಲೆಯ ಸಾರವನ್ನು ದಿನಕ್ಕೆ 400 ಮಿಲಿಗ್ರಾಂನಂತೆ 18ರಿಂದ 20 ತಿಂಗಳು ಕೊಡಲಾಗಿ, ರಕ್ತದ ಸಕ್ಕರೆಯೂ ಎಚ್‌ಬಿಎ1ಸಿಯೂ ಇಳಿದವು, ಐವರು ಮಾತ್ರೆಯನ್ನು ನಿಲ್ಲಿಸಲು ಸಾಧ್ಯವಾಯಿತು ಎಂದು ಅದು ಹೇಳುತ್ತದೆ. ಓದಲು ಹಿತವೆನಿಸುವ ಫಲಿತಾಂಶವೇ. ಆದರೆ ಯಾರಿಗೆ ಏನು ಕೊಡಲಾಗುತ್ತಿದೆ ಎಂಬುದನ್ನು ಹುಸಿಮದ್ದಿನ (ಮದ್ದಿನಂತೆಯೇ ಕಾಣುವ, ಆದರೆ ಮದ್ದಿನ ಗುಣವಿಲ್ಲದ ವಸ್ತುವಿನ) ಮೂಲಕ ಮರೆಮಾಡಿರಲಿಲ್ಲ, ಸಂಖ್ಯೆಯೂ ಚಿಕ್ಕದು. ಅಂತಹ ಅಧ್ಯಯನವನ್ನು ಮುಂದಿನ ದೊಡ್ಡ ಪರೀಕ್ಷೆಗೆ ಆಹ್ವಾನವೆಂದು ತೆಗೆದುಕೊಳ್ಳಬೇಕು, ತೀರ್ಪೆಂದಲ್ಲ. ಹಾಗಲಕಾಯಿಯ ವಿಷಯದಲ್ಲಿ 2012ರ ಕಾಕ್ರೇನ್ ಪರಾಮರ್ಶೆಯೂ (ಒಂದು ವಿಷಯದ ಎಲ್ಲ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ವರದಿ) ಇಂತಹ ಜಾಗಕ್ಕೇ ಬಂದು ನಿಂತಿತು: ಶಿಫಾರಸು ಮಾಡುವಷ್ಟು ಪುರಾವೆ ದೊರೆಯಲಿಲ್ಲ.

ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಮುಂದಿಟ್ಟು ವಾದಿಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಬಹಳಷ್ಟು ಪ್ರಯೋಗಗಳಲ್ಲಿ ಸ್ಟ್ರೆಪ್ಟೊಜೊಟೊಸಿನ್ ಅಥವಾ ಅಲೋಕ್ಸಾನ್ ಎಂಬ ರಾಸಾಯನಿಕದಿಂದ ಇಲಿಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳನ್ನು ಹಾಳುಗೆಡವಲಾಗಿರುತ್ತದೆ. ಅದು ವಯಸ್ಕರ ಟೈಪ್ 2 ಮಧುಮೇಹಕ್ಕೆ ಸರಿಯಾದ ಪ್ರತಿರೂಪವಲ್ಲ. ಎರಡನೆಯದು ಪ್ರಮಾಣ. ಇಲಿಗೆ ಪ್ರತಿ ಕಿಲೋಗ್ರಾಂ ತೂಕಕ್ಕೆ 500 ಮಿಲಿಗ್ರಾಂ ಸಾರ ಕೊಟ್ಟಿದ್ದರೆ, ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಲು ರೂಢಿಯಲ್ಲಿರುವಂತೆ 6.2ರಿಂದ ಭಾಗಿಸಿದಾಗ ಮನುಷ್ಯರಿಗೆ ಕಿಲೋಗ್ರಾಮಿಗೆ ಸುಮಾರು 80 ಮಿಲಿಗ್ರಾಂ ಆಗುತ್ತದೆ. 60 ಕಿಲೋಗ್ರಾಂ ತೂಕದವರಿಗೆ ಅದು ಹತ್ತಿರ ಹತ್ತಿರ 5 ಗ್ರಾಂ ಸಾರ. ಹತ್ತು ಗ್ರಾಂ ಎಲೆಯಿಂದ ಒಂದು ಗ್ರಾಂ ಸಾರ ಬರುತ್ತದೆಂದುಕೊಂಡರೆ, ದಿನಕ್ಕೆ 50 ಗ್ರಾಂ ಒಣ ಎಲೆ! ಇಲಿಯಲ್ಲಿ ಕಂಡ ಫಲವನ್ನು ಒಂದು ಚಮಚ ಪುಡಿಯ ತಲೆಗೆ ಕಟ್ಟುವ ಮುನ್ನ ಈ ಗುಣಾಕಾರವನ್ನು ಮಾಡಿ ನೋಡಬೇಕು.

ಈ ಎಲೆಯನ್ನು ಪರೀಕ್ಷಿಸುವಾಗ ಬರುವ ವಿಶೇಷ ತೊಡಕಿನ ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿಗ್ರಾಹಕಗಳನ್ನು ತಾತ್ಕಾಲಿಕವಾಗಿ ತಡೆಯುತ್ತವೆ. ಎಲೆ ಜಗಿದು ಸ್ವಲ್ಪ ಹೊತ್ತಿನ ಮೇಲೆ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಮರಳಿನ ಕಣಗಳು ನಾಲಿಗೆಗೆ ತಗುಲಿದಂತಿರುತ್ತದೆಯೇ ಹೊರತು ಸಿಹಿ ತಿಳಿಯುವುದಿಲ್ಲ, ಉಪ್ಪು ಹುಳಿಗಳು ಮಾತ್ರ ಎಂದಿನಂತೆ ತಿಳಿಯುತ್ತವೆ. ಹೀಗಿರುವಾಗ ಬೇರೆ ಯಾವುದೋ ಕಹಿ ಎಲೆಯ ಪುಡಿಯನ್ನು ಹುಸಿಮದ್ದಾಗಿ ಕೊಟ್ಟರೆ, ಒಂದು ಚಿಟಿಕೆ ಸಕ್ಕರೆಯಿಂದ ಯಾರಿಗೆ ಯಾವುದು ಸಿಕ್ಕಿದೆ ಎಂಬ ಗುಟ್ಟು ರಟ್ಟಾಗುತ್ತದೆ. ಅದನ್ನು ತಪ್ಪಿಸಲು ಸಂಶೋಧಕರು ಕ್ಯಾಪ್ಸೂಲಿನಲ್ಲಿ ತುಂಬಿಸಿ ಕೊಡುತ್ತಾರೆ. ಆದರೆ ಕ್ಯಾಪ್ಸೂಲು ನಾಲಿಗೆಯನ್ನು ದಾಟಿ ನೇರವಾಗಿ ಹೊಟ್ಟೆಗೆ ಹೋಗುತ್ತದೆ. ನಿಮ್ಮ ತಂದೆಯವರು ಪುಡಿಯನ್ನು ನಾಲಿಗೆಯ ಮೇಲೆ ಹಾಕಿಕೊಳ್ಳುತ್ತಾರೆ, ಮತ್ತು ಅವರು ಸಿಹಿ ಬಿಟ್ಟಿದ್ದಾರೆ ಎಂದೂ ನೀವು ಬರೆದಿದ್ದೀರಿ. ರುಚಿಯ ತಡೆ ಇರುವುದು ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟೇ ಆದರೂ, ಅದು ಸಿಹಿಯ ಚಪಲವನ್ನು ಕಡಿಮೆ ಮಾಡಿ ಆ ಮೂಲಕ ಸಕ್ಕರೆ ಇಳಿಸಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಕ್ಯಾಪ್ಸೂಲಿನ ಪರೀಕ್ಷೆ ಈ ದಾರಿಯನ್ನೇ ಮುಚ್ಚಿಬಿಡುತ್ತದೆ. ಆದ್ದರಿಂದ ಪರೀಕ್ಷೆ ಆರಂಭಿಸುವ ಮೊದಲೇ ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು: ಎಲೆ ರಕ್ತಕ್ಕೆ ಸೇರಿ ಅಥವಾ ಕರುಳಿನಲ್ಲಿ ಕೆಲಸ ಮಾಡುತ್ತದೆಯೇ ಎಂದು ನೋಡಬೇಕೋ, ಅಥವಾ ಜನ ಬಳಸುವ ಕ್ರಮದಲ್ಲಿಯೇ ಕೊಟ್ಟಾಗ ಒಟ್ಟಾರೆ ಪ್ರಯೋಜನವಿದೆಯೇ ಎಂದು ನೋಡಬೇಕೋ? ಎರಡಕ್ಕೂ ಒಂದೇ ಪರೀಕ್ಷೆ ಸಾಲದು.

ಕೊನೆಯದಾಗಿ ಪುಡಿಯ ಶುದ್ಧತೆ. ನಿಮ್ಮ ಬಂಧುಗಳು ತಾವೇ ಒಣಗಿಸಿದ್ದರಿಂದ ಕಲಬೆರಕೆಯ ಭಯ ಕಡಿಮೆ. ಆದರೆ ಹೆಸರಿಲ್ಲದ ತಯಾರಿಕೆಯ 'ಗಿಡಮೂಲಿಕೆ' ಗುಳಿಗೆಗಳು ಕೂಡಲೇ ಶುಗರ್ ಇಳಿಸಿದರೆ ಹಿಗ್ಗುವ ಬದಲು ಅನುಮಾನಿಸಬೇಕು. 2008ರ ಮೊದಲ ಐದು ತಿಂಗಳಲ್ಲಿ ಸಿಂಗಪುರದಲ್ಲಿ ಮಧುಮೇಹವೇ ಇಲ್ಲದ 150 ಮಂದಿ ತೀವ್ರವಾದ ಸಕ್ಕರೆ ಕುಸಿತದಿಂದ ಆಸ್ಪತ್ರೆ ಸೇರಿದರು, ನಾಲ್ವರು ತೀರಿಕೊಂಡರು. ಅಕ್ರಮವಾಗಿ ಮಾರಾಟವಾಗುತ್ತಿದ್ದ ಲೈಂಗಿಕ ಶಕ್ತಿವರ್ಧಕ ಗುಳಿಗೆಗಳಲ್ಲಿ ಮಧುಮೇಹದ ಮಾತ್ರೆಯಾದ ಗ್ಲಿಬೆನ್‌ಕ್ಲಮೈಡ್ ಬೆರೆತಿದ್ದುದು ಅದಕ್ಕೆ ಕಾರಣವಾಗಿತ್ತು.

ಉತ್ತರ 3: ಪಥ್ಯಾಪಥ್ಯ

ಆಯುರ್ವೇದ ಚಿಕಿತ್ಸಕನಾಗಿ ನನ್ನದೊಂದು ತಕರಾರಿದೆ. ನಮ್ಮ ಪದ್ಧತಿಯಲ್ಲಿ ಯಾರೂ 'ಮಧುಮೇಹಕ್ಕೆ ಮಧುನಾಶಿನಿ' ಎಂದು ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವುದಿಲ್ಲ. ರೋಗಿಯ ಪ್ರಕೃತಿ, ಜೀರ್ಣಶಕ್ತಿ, ದೇಹದ ಸ್ಥೂಲತೆ ಅಥವಾ ಕೃಶತೆಯನ್ನು ನೋಡಿ ದ್ರವ್ಯವನ್ನೂ ಅನುಪಾನವನ್ನೂ (ಮದ್ದಿನ ಜೊತೆ ಸೇವಿಸುವ ನೀರು, ಹಾಲು, ಜೇನಿನಂತಹದನ್ನು) ನಿರ್ಧರಿಸುತ್ತೇವೆ. ಪಥ್ಯವೂ ವ್ಯಾಯಾಮವೂ ಚಿಕಿತ್ಸೆಯ ಅಂಗಗಳೇ. ಅವೆಲ್ಲವನ್ನೂ ಕಳಚಿ ಒಂದು ಎಲೆಯನ್ನು ಮಾತ್ರ ಕ್ಯಾಪ್ಸೂಲಿಗೆ ತುಂಬಿ ಪರೀಕ್ಷಿಸಿ, ಫಲ ಕಾಣದಿದ್ದಾಗ ಪದ್ಧತಿಯೇ ಸೋತಿತೆಂದು ಬರೆಯುವುದು ನ್ಯಾಯವಲ್ಲ.

ಆದರೆ ಪುರಾತನ ಬಳಕೆಯೇ ಸಾಕ್ಷಿ ಎಂಬ ವಾದವನ್ನು ನಾನು ಮುಂದಿಡುವುದಿಲ್ಲ. ತಲೆಮಾರುಗಳ ಬಳಕೆಯಿಂದ, ತಿಂದ ಕೂಡಲೇ ಕೇಡುಂಟುಮಾಡುವ ದ್ರವ್ಯಗಳು ಯಾವುವು ಎಂಬುದು ತಿಳಿದುಬಂದಿರುತ್ತದೆ. ತಿಂಗಳುಗಟ್ಟಲೆ ಸೇವಿಸಿದಾಗ ಯಕೃತ್ತಿಗೆ ಮೆಲ್ಲಗೆ ಆಗುವ ಹಾನಿಯೂ, ಆಧುನಿಕ ಮಾತ್ರೆಯ ಜೊತೆ ಸೇರಿದಾಗ ಆಗುವ ಪರಿಣಾಮವೂ ಆ ಅನುಭವಕ್ಕೆ ಸಿಕ್ಕುವ ಸಂಗತಿಗಳಲ್ಲ. ಅಮೃತಬಳ್ಳಿಯ ಸೇವನೆಯ ನಂತರ ಯಕೃತ್ತಿನ ಉರಿಯೂತ ಕಂಡುಬಂದ ವರದಿಗಳು ಇತ್ತೀಚಿನ ವರ್ಷಗಳಲ್ಲಿ ಪ್ರಕಟವಾದಾಗ ನಮ್ಮವರಲ್ಲಿ ಅನೇಕರು ಸಿಟ್ಟಾದರು. ವರದಿಯನ್ನು ತಳ್ಳಿಹಾಕುವುದಕ್ಕಿಂತ ರೋಗಿಗಳ ಯಕೃತ್ತಿನ ಪರೀಕ್ಷೆ ಮಾಡಿಸುವುದು ಲೇಸೆಂದು ನಾನು ಭಾವಿಸಿದ್ದೇನೆ.

ಉತ್ತರ 4: ಅಂಕಿಸಂಖ್ಯೆ

ಪಥ್ಯಾಪಥ್ಯ ಅವರ ತಕರಾರು ನ್ಯಾಯವಾದದ್ದು, ಆದರೆ ಅದಕ್ಕೆ ಪರಿಹಾರವಿದೆ. ವೈದ್ಯರು ಪ್ರತಿಯೊಬ್ಬ ರೋಗಿಯನ್ನೂ ತಮ್ಮ ಕ್ರಮದಂತೆ ಪರೀಕ್ಷಿಸಿ, ತಮಗೆ ಸರಿಯೆನಿಸಿದ ಮದ್ದನ್ನೇ ಬರೆಯಲಿ. ಪಥ್ಯ, ನಡಿಗೆಗಳ ಸಲಹೆಯನ್ನು ಎಲ್ಲರಿಗೂ ಕೊಡಲಿ. ಆ ಚೀಟಿಯನ್ನು ಹಿಡಿದು ಮದ್ದು ಕಟ್ಟಿಕೊಡುವ ಜಾಗದಲ್ಲಿ ಮಾತ್ರ, ವೈದ್ಯರಿಗೂ ರೋಗಿಗೂ ತಿಳಿಯದಂತೆ, ಅರ್ಧದಷ್ಟು ಜನರಿಗೆ ಬರೆದ ಮದ್ದೂ ಉಳಿದವರಿಗೆ ಅದರಂತೆಯೇ ಕಾಣುವ ಹುಸಿಮದ್ದೂ ಹೋಗಲಿ. ಆಗ ಚಿಕಿತ್ಸೆಯು ವ್ಯಕ್ತಿಗೆ ತಕ್ಕಂತೆ ಇದ್ದರೂ ಹೋಲಿಕೆ ಕೆಡುವುದಿಲ್ಲ. ಗಿಡಮೂಲಿಕೆಯ ಪರೀಕ್ಷೆಗಳನ್ನು ವರದಿ ಮಾಡುವ ಕ್ರಮದ ಬಗ್ಗೆ 2006ರಲ್ಲೇ ಕನ್ಸಾರ್ಟ್ ಎಂಬ, ವೈದ್ಯಕೀಯ ಪರೀಕ್ಷೆಗಳ ವರದಿ ಬರೆಯುವ ಮಾರ್ಗಸೂಚಿಯ ವಿಸ್ತರಣೆ ಬಂದಿದೆ: ಸಸ್ಯದ ವೈಜ್ಞಾನಿಕ ಹೆಸರು, ಬಳಸಿದ ಭಾಗ, ಸಾರ ತೆಗೆದ ವಿಧಾನ, ಪ್ರಮಾಣ ಎಲ್ಲವನ್ನೂ ಬರೆಯಬೇಕೆಂದು ಅದು ಹೇಳುತ್ತದೆ. ಇಷ್ಟನ್ನೂ ಬರೆಯದ ವರದಿಯನ್ನು ಮತ್ತೊಬ್ಬರು ಮರುಪರೀಕ್ಷಿಸಲು ಸಾಧ್ಯವೇ ಇಲ್ಲ.

ಉತ್ತರ 5: ಹೊರರೋಗಿ ವಿಭಾಗ

ನಾನು ಮಧುಮೇಹಿಗಳನ್ನು ನೋಡುವ ವೈದ್ಯೆ. ತುರ್ತಾದ ಮಾತನ್ನು ಮೊದಲು ಹೇಳುತ್ತೇನೆ: ಪರೀಕ್ಷೆಯ ಫಲಿತಾಂಶ ಏನೇ ಬರಲಿ, ತಮ್ಮ ವೈದ್ಯರನ್ನು ಕೇಳದೆ ನಿಮ್ಮ ತಂದೆಯವರು ಮೆಟ್‌ಫಾರ್ಮಿನ್ ನಿಲ್ಲಿಸಬಾರದು. 7.3 ಬಂದಿರುವುದು ಮಾತ್ರೆ ನಡೆಯುತ್ತಿರುವಾಗಲೇ ಎಂಬುದನ್ನು ಮರೆಯಬೇಡಿ. ಅಂದ ಹಾಗೆ, ಮೆಟ್‌ಫಾರ್ಮಿನ್‌ನ ಬೇರು ಕೂಡ ಒಂದು ಗಿಡದಲ್ಲೇ ಇದೆ. ಯುರೋಪಿನಲ್ಲಿ ಬಳಕೆಯಲ್ಲಿದ್ದ ಗಲೇಗಾ ಎಂಬ ಗಿಡದ ಸತ್ವ ವಿಷಕಾರಿಯಾಗಿತ್ತು. ಅದೇ ಜಾತಿಯ ರಾಸಾಯನಿಕಗಳಲ್ಲಿ ಹೆಚ್ಚು ಸುರಕ್ಷಿತವಾದುದನ್ನು ಆರಿಸಿ ಮನುಷ್ಯರಲ್ಲಿ ಪರೀಕ್ಷಿಸಿದ ವರದಿ 1957ರಲ್ಲಿ ಫ್ರಾನ್ಸಿನಿಂದ ಹೊರಬಂತು.

ನಡಿಗೆಯ ಬಳಗದ ಇತರರ ಬಗ್ಗೆ ನನಗೆ ಹೆಚ್ಚು ಆತಂಕವಿದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಪಾಯಕಾರಿಯಾಗಿ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂತಹ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅದರ ಮೇಲೆ ಪುಡಿಯನ್ನೂ ಸೇರಿಸಿದರೆ ಮಟ್ಟ 70ಕ್ಕಿಂತ ಕೆಳಗಿಳಿದು ಬೆವರು, ಕೈನಡುಕ, ಮಂಕು ಕವಿಯುವುದು ಆಗಬಹುದು. ಆಗ 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆ ತೆಗೆದುಕೊಂಡು 15 ನಿಮಿಷಗಳ ನಂತರ ಮತ್ತೆ ಅಳೆಯಬೇಕು. ಎಲೆ ಜಗಿದಿದ್ದವರಿಗೆ ಅದು ಸಿಹಿಯೆನಿಸದೆ ಇರಬಹುದು. ಸಿಹಿ ತಿಳಿಯಲಿಲ್ಲವೆಂದು ಉಗುಳಬಾರದು. ಟೈಪ್ 1 ಇರುವವರು, ಗರ್ಭಿಣಿಯರು, ಕಿಡ್ನಿ ಅಥವಾ ಲಿವರ್ ತೊಂದರೆಯುಳ್ಳವರು ಇಂತಹ ಪ್ರಯೋಗದಿಂದ ಪೂರ್ತಿ ದೂರವಿರಬೇಕು. ಶಸ್ತ್ರಚಿಕಿತ್ಸೆ ಇದ್ದರೆ ಎರಡು ವಾರ ಮೊದಲೇ ಪುಡಿಯನ್ನು ನಿಲ್ಲಿಸಿ, ವೈದ್ಯರಿಗೆ ತಿಳಿಸಬೇಕು. ಹಲವು ಜನರ ಮೇಲೆ ನಡೆಸುವ ಪರೀಕ್ಷೆಗೆ ನೈತಿಕ ಸಮಿತಿಯ (ಭಾಗವಹಿಸುವವರ ಹಿತ ಕಾಯುವ ಸಮಿತಿಯ) ಒಪ್ಪಿಗೆಯೂ ಲಿಖಿತ ಸಮ್ಮತಿಯೂ ಬೇಕು. ಬಳಗದವರು ತಮ್ಮತಮ್ಮಲ್ಲೇ ಮಾಡಿಕೊಳ್ಳುವ ಕೆಲಸ ಅದಲ್ಲ.

ಇನ್ನೊಂದು ಸಂಗತಿ. ಎರಡು ತಪಾಸಣೆಗಳ ನಡುವೆ ನಿಮ್ಮ ತಂದೆಯವರಿಗೆ ರಕ್ತಸ್ರಾವ, ರಕ್ತ ಕೊಡಿಸಿದ್ದು ಅಥವಾ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಕೊಟ್ಟದ್ದು ಏನಾದರೂ ಇದೆಯೇ? ಕಬ್ಬಿಣದ ಕೊರತೆಯಿದ್ದಾಗ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಿ, ಕೊರತೆ ನೀಗಿದಾಗ ತಾನಾಗಿ ಇಳಿಯುವುದುಂಟು.

ತುಂಬೆಹೂ

ಎಲ್ಲರಿಗೂ ಕೃತಜ್ಞತೆಗಳು. ವೈದ್ಯರು ಕೇಳಿದಂತಹ ಯಾವುದೂ ತಂದೆಯವರಿಗೆ ಆಗಿಲ್ಲ. ಮಾತ್ರೆ ನಿಲ್ಲಿಸುವುದಿಲ್ಲವೆಂದು ಅವರು ಒಪ್ಪಿದ್ದಾರೆ, ಬಳಗದ ಯೋಜನೆಯನ್ನೂ ಕೈಬಿಡಲಾಗಿದೆ. ಆದರೆ ಅವರೊಬ್ಬರಲ್ಲಿ ಎಲೆ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಅವರ ವೈದ್ಯರು ಒಪ್ಪಿದರೆ ಒಬ್ಬ ವ್ಯಕ್ತಿಯಲ್ಲೇ ಪರೀಕ್ಷೆ ಮಾಡುವ ಕ್ರಮವೇನಾದರೂ ಇದೆಯೇ?

ಉತ್ತರ 6: ಅಂಕಿಸಂಖ್ಯೆ

ಇದೆ. ಒಂದೇ ವ್ಯಕ್ತಿಗೆ ಮದ್ದನ್ನೂ ಹುಸಿಮದ್ದನ್ನೂ ಸರದಿಯಂತೆ ಹಲವು ಬಾರಿ ಕೊಟ್ಟು ಹೋಲಿಸುವುದು. ಮೂರು ವಾರ ಪುಡಿ, ಮೂರು ವಾರ ಹುಸಿಮದ್ದು ಸೇರಿ ಒಂದು ಜೋಡಿ. ಯಾವುದು ಮೊದಲು ಎಂಬುದನ್ನು ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ ನಿರ್ಧರಿಸಬೇಕು. ನಾಣ್ಯ ಚಿಮ್ಮುವವರು ಮತ್ತು ಡಬ್ಬಿಗಳಿಗೆ ಗುರುತು ಹಾಕುವವರು ಮನೆಯ ಹೊರಗಿನವರಾಗಿರಲಿ, ಅಣ್ಣನಿಗೂ ನಿಮಗೂ ಗುಟ್ಟು ತಿಳಿಯದಿರಲಿ. ದಿನವೂ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಮೀಟರಿನಲ್ಲಿ ಬರಿ ಹೊಟ್ಟೆಯ ಸಕ್ಕರೆಯನ್ನು ಅಳೆದು ಬರೆದಿಡಬೇಕು. ಹಿಂದಿನ ಸರದಿಯ ಪ್ರಭಾವ ಉಳಿದಿರಬಹುದಾದ್ದರಿಂದ ಪ್ರತಿ ಸರದಿಯ ಮೊದಲ ವಾರವನ್ನು ಬಿಟ್ಟು, ಉಳಿದ ಎರಡು ವಾರಗಳ ಸರಾಸರಿಯನ್ನು ತೆಗೆದುಕೊಳ್ಳಬೇಕು. ಇಷ್ಟು ಚಿಕ್ಕ ಸರದಿಗಳಲ್ಲಿ ಎಚ್‌ಬಿಎ1ಸಿ ಉಪಯೋಗಕ್ಕೆ ಬಾರದು. ಮೆಟ್‌ಫಾರ್ಮಿನ್ ಪ್ರಮಾಣ ಕೊನೆಯವರೆಗೂ ಬದಲಾಗಬಾರದು.

ಮೂರು ಜೋಡಿಗಳಲ್ಲಿ ಮೂರೂ ಪುಡಿಯ ಪರವಾಗಿ ಬಂದರೂ ಸಾಲದು, ಏಕೆಂದರೆ ಪುಡಿಗೆ ಯಾವ ಗುಣವೂ ಇಲ್ಲದಿದ್ದರೂ ಎಂಟರಲ್ಲಿ ಒಂದು ಸಂಭವದಲ್ಲಿ ಹಾಗಾಗುತ್ತದೆ. ಐದಕ್ಕೆ ಐದೂ ಬಂದರೆ ಆಕಸ್ಮಿಕದ ಸಂಭವ 32ರಲ್ಲಿ ಒಂದು, ಆಗ ನಾನು ಗಮನಕೊಡುತ್ತೇನೆ. ಐದು ಜೋಡಿಗೆ ಮೂವತ್ತು ವಾರಗಳಾಗುತ್ತವೆ. ತಂದೆಯವರಿಗೆ ಅಷ್ಟು ತಾಳ್ಮೆಯಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಉತ್ತರ 7: ಸಸ್ಯರಸ

ಇದಕ್ಕೆ ಕ್ಯಾಪ್ಸೂಲು ಬೇಕೇ ಬೇಕು, ಹಾಗಾಗಿ ನಾಲಿಗೆಯ ಮೂಲಕ ಆಗಿರಬಹುದಾದ ಪ್ರಯೋಜನ ಈ ಲೆಕ್ಕದಿಂದ ಹೊರಗುಳಿಯುತ್ತದೆ ಎಂಬುದು ನೆನಪಿರಲಿ. ದೊಡ್ಡ ಅಳತೆಯ ಕ್ಯಾಪ್ಸೂಲಿನಲ್ಲಿ ಸುಮಾರು ಅರ್ಧ ಗ್ರಾಂ ಒಣ ಪುಡಿ ಹಿಡಿಯುತ್ತದೆ; ತಂದೆಯವರು ದಿನಕ್ಕೆ ಎಷ್ಟು ಗ್ರಾಂ ತೆಗೆದುಕೊಳ್ಳುತ್ತಾರೆಂದು ತೂಗಿ ನೋಡಿ ಸಂಖ್ಯೆಯನ್ನು ನಿರ್ಧರಿಸಿ. ಒಳಗಿನ ಹಸಿರು ಕಾಣದಂತೆ ಅಪಾರದರ್ಶಕ ಕ್ಯಾಪ್ಸೂಲನ್ನೇ ಬಳಸಬೇಕು. ಹುಸಿಮದ್ದಿಗೆ ಹಿಟ್ಟನ್ನಾಗಲಿ ಲ್ಯಾಕ್ಟೋಸನ್ನಾಗಲಿ ತುಂಬದೆ, ಜೀರ್ಣವಾಗದ ಸೆಲ್ಯುಲೋಸ್ ಪುಡಿಯನ್ನು ತುಂಬಿಸಿ. ಮೂವತ್ತು ವಾರಗಳಿಗೆ ಬೇಕಾಗುವಷ್ಟು ಎಲೆಯನ್ನು ಒಂದೇ ಸಲ ಕೊಯ್ದು, ಒಣಗಿಸಿ, ಪುಡಿ ಮಾಡಿ, ಚೆನ್ನಾಗಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಬೇರೆ ಬೇರೆ ಕಾಲದಲ್ಲಿ ಕೊಯ್ದ ಎಲೆಗಳ ಸತ್ವ ಒಂದೇ ಸಮನಾಗಿರುವುದಿಲ್ಲ. ಅದರಿಂದ ಒಂದು ಹಿಡಿಯನ್ನು ತೆಗೆದು, ತಾರೀಕು ಬರೆದು ಬೇರೆಯಾಗಿ ಕಟ್ಟಿಡಿ. ಮುಂದೆ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾಗಿ ಬಂದರೆ ಅದು ಬೇಕಾಗುತ್ತದೆ.